ರಿಲೇಯ ಬೆನ್ನ ಮೇಲಿನ ಅಂಕಿಯನ್ನಷ್ಟೇ ನಂಬಿ ಬೋರ್ಡ್ ಮಾಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನೀರಿನ ಪಂಪನ್ನು ತಾನಾಗಿಯೇ ಚಾಲೂ ಮಾಡಿ ನಿಲ್ಲಿಸುವ ಸರ್ಕಿಟ್ ಬೋರ್ಡನ್ನು ಮನೆಯಲ್ಲೇ ತಯಾರಿಸುವುದು ಹೇಗೆಂದು ತಮ್ಮ ವಿಜ್ಞಾನ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನೀರಿನ ಮಟ್ಟವನ್ನು ಗುರುತಿಸುವ ಭಾಗವನ್ನೂ ಪ್ರೋಗ್ರಾಮನ್ನೂ ಲೇಖಕರು ಬಹಳ ಚೆನ್ನಾಗಿ ವಿವರಿಸಿದ್ದಾರೆ. ಆದರೆ ರಿಲೇಯ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ವಿದ್ಯುತ್ಕಾಂತದ ಸ್ವಿಚ್ಚಿನ, ವಿಷಯಕ್ಕೆ ಬರುವಷ್ಟರಲ್ಲಿ, ಪಂಪು ಎಳೆಯುವ ಕರೆಂಟಿಗಿಂತ ತುಸು ಹೆಚ್ಚು ಆಂಪಿಯರ್ ಬರೆದಿರುವ ಯಾವ ರಿಲೇಯನ್ನಾದರೂ ಹಾಕಬಹುದು ಎಂಬರ್ಥದ ಒಂದೇ ವಾಕ್ಯದಲ್ಲಿ ಮಾತು ಮುಗಿಸಿಬಿಟ್ಟಿದ್ದಾರೆ. ಸರ್ಕಿಟ್ ಬೋರ್ಡುಗಳ ವಿನ್ಯಾಸ ಮತ್ತು ರಿಪೇರಿಯಲ್ಲೇ ಎರಡು ದಶಕ ಕಳೆದಿರುವ ನನ್ನ ಮೇಜಿನ ಮೇಲೆ ಕೆಟ್ಟು ಬಂದು ಬೀಳುವ ಬೋರ್ಡುಗಳಲ್ಲಿ ಕೈಕೊಟ್ಟಿರುವುದು ಬಹುತೇಕ ಸಲ ಪ್ರೋಗ್ರಾಮನ್ನು ನಡೆಸುವ ಮೈಕ್ರೋಕಂಟ್ರೋಲರ್ ಚಿಪ್ಪು ಅಲ್ಲ, ಅದರ ಪಕ್ಕದಲ್ಲಿರುವ ನೀಲಿ ಅಥವಾ ಕಪ್ಪು ಡಬ್ಬಿ, ಅಂದರೆ ರಿಲೇ. ಆದ್ದರಿಂದ ಆ ಒಂದು ವಾಕ್ಯವನ್ನು ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ರಿಲೇಯ ಬೆನ್ನ ಮೇಲೆ 10 ಆಂಪಿಯರ್, 250 ವೋಲ್ಟ್ ಎ.ಸಿ. ಎಂದು ಅಚ್ಚಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಷರತ್ತಿನ ಮೇಲೆ ಹೇಳಿದ ಮಾತು. ಷರತ್ತು ಡಬ್ಬಿಯ ಮೇಲಿಲ್ಲ, ತಯಾರಕರು ಕೊಡುವ ವಿವರಪಟ್ಟಿಯಾದ ಡೇಟಾಶೀಟಿನಲ್ಲಿದೆ. ಸಾಮಾನ್ಯವಾಗಿ ಆ ಅಂಕಿ ರೆಸಿಸ್ಟಿವ್ ಲೋಡಿಗೆ, ಅಂದರೆ ಹೀಟರಿನ ತಂತಿಯಂತೆ ಹಚ್ಚಿದಾಗಲೂ ಆರಿಸಿದಾಗಲೂ ತಕರಾರಿಲ್ಲದೆ ಒಂದೇ ಸಮನೆ ಕರೆಂಟ್ ಎಳೆಯುವ ಲೋಡಿಗೆ ಕೊಟ್ಟಿರುವಂಥದ್ದು. ಲೇಖನದಲ್ಲಿರುವ ಅರ್ಧ ಅಶ್ವಶಕ್ತಿಯ ಪಂಪು ಓಡುವಾಗ ಮೂರು ನಾಲ್ಕು ಆಂಪಿಯರ್ ಎಳೆಯಬಹುದು. ಆದರೆ ನಿಂತಿರುವ ಮೋಟಾರು ತಿರುಗಲು ಶುರುವಾಗುವ ಆ ಗಳಿಗೆಯಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ರಿಲೇಯ ಕಾಂಟ್ಯಾಕ್ಟುಗಳು, ಅಂದರೆ ಒಂದಕ್ಕೊಂದು ತಾಗಿ ಕರೆಂಟ್ ಹಾಯಿಸುವ ಲೋಹದ ಗುಂಡಿಗಳು, ಮುಚ್ಚಿಕೊಳ್ಳುವಾಗ ಒಮ್ಮೆಗೇ ಕೂರುವುದಿಲ್ಲ, ಒಂದೆರಡು ಮಿಲಿಸೆಕೆಂಡು ಪುಟಿದು ಆಮೇಲೆ ಕೂರುತ್ತವೆ. ಹೀಗೆ ಪುಟಿಯುವ ಹೊತ್ತಿಗೇ ಇಪ್ಪತ್ತು ಆಂಪಿಯರ್ ಹರಿದರೆ ಪ್ರತಿ ಪುಟಿತಕ್ಕೂ ಒಂದು ಕಿಡಿ ಹಾರಿ, ಬೆಳ್ಳಿಯ ಮೇಲ್ಮೈ ಚುಕ್ಕೆಯಷ್ಟು ಕರಗಿ, ಕರಗಿದ ಜಾಗದ ಮೇಲೇ ಎದುರಿನ ಕಾಂಟ್ಯಾಕ್ಟು ಬಂದು ಕೂತು ತಣ್ಣಗಾಗುತ್ತದೆ. ಬೆಸುಗೆ ಎನ್ನುವುದೂ ಇದನ್ನೇ. ಕೆಲವು ತಯಾರಕರು ಡೇಟಾಶೀಟಿನಲ್ಲಿ ಮೋಟಾರಿಗೆಂದೇ ಪ್ರತ್ಯೇಕವಾಗಿ ಅಶ್ವಶಕ್ತಿಯ ಅಂಕಿ ಕೊಟ್ಟಿರುತ್ತಾರೆ. ಪಂಪಿಗೆ ರಿಲೇ ಆರಿಸುವವರು ನೋಡಬೇಕಾದ ಸಾಲು ಅದು, ಬೆನ್ನ ಮೇಲಿನ 10 ಆಂಪಿಯರ್ ಅಲ್ಲ.

ಮೋಟಾರಿಗಿಂತಲೂ ಮೋಸದ ಲೋಡೆಂದರೆ ಇಂದಿನ ಎಲ್‌ಇಡಿ ದೀಪ. ಕೆಲ ವರ್ಷಗಳ ಹಿಂದೆ ಒಂದು ಸಭಾಂಗಣದ ದೀಪಗಳನ್ನು ನಿಯಂತ್ರಿಸುವ ಬೋರ್ಡು ನನ್ನ ಬಳಿ ಬಂದಿತ್ತು. ಇಪ್ಪತ್ತು ದೀಪ ಸೇರಿದರೂ ಒಟ್ಟು ಕರೆಂಟ್ ಎರಡು ಆಂಪಿಯರ್ ದಾಟುತ್ತಿರಲಿಲ್ಲ, ರಿಲೇ ಹತ್ತು ಆಂಪಿಯರಿನದು, ಆದರೂ ಮೂರೇ ತಿಂಗಳಲ್ಲಿ ದೀಪಗಳು ಆರುವುದನ್ನೇ ಬಿಟ್ಟಿದ್ದವು. ಕಾಂಟ್ಯಾಕ್ಟನ್ನು ಎಳೆಯುವ ತಂತಿಸುರುಳಿಯಾದ ಕಾಯಿಲಿಗೆ ವಿದ್ಯುತ್ ಕೊಟ್ಟರೂ ತೆಗೆದರೂ ಟಕ್ ಎಂಬ ಸದ್ದೇ ಇಲ್ಲ. ರಿಲೇಯ ಅಂಚನ್ನು ಬ್ಲೇಡಿನಿಂದ ಸೀಳಿ ಮುಚ್ಚಳ ತೆಗೆದು ಭೂತಗನ್ನಡಿ ಹಿಡಿದು ನೋಡಿದಾಗ, ಎರಡು ಬೆಳ್ಳಿ ಗುಂಡಿಗಳ ನಡುವೆ ಸಾಸಿವೆ ಕಾಳಿಗಿಂತ ಸಣ್ಣದೊಂದು ಲೋಹದ ಸೇತುವೆ ಕಾಣಿಸಿತು. ಚಿಮುಟದ ತುದಿಯಿಂದ ತುಸು ಮೀಟಿದೊಡನೆ ಚಿಟ್ಟೆಂದು ಬಿಟ್ಟುಕೊಂಡಿತು. ಸುತ್ತಲಿನ ಬೆಳ್ಳಿ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಅಂದರೆ ರಿಲೇ ಸವೆದು ಸತ್ತದ್ದಲ್ಲ, ಒಂದೇ ಒಂದು ಏಟಿಗೆ ಬೆಸೆದುಕೊಂಡದ್ದು. ಎಲ್‌ಇಡಿ ದೀಪದೊಳಗಿನ ಡ್ರೈವರ್ ಸರ್ಕಿಟ್ಟಿನಲ್ಲಿ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿ ಇರುತ್ತದೆ, ಎ.ಸಿ. ಅಲೆಯ ತುದಿಯಲ್ಲಿ ಸ್ವಿಚ್ಚು ಹಾಕಿದರೆ ಅದು ತುಂಬಿಕೊಳ್ಳುವಾಗ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಸಾಮಾನ್ಯ ಕರೆಂಟಿನ ಹತ್ತಾರು ಪಟ್ಟು ಹರಿಯುತ್ತದೆ. ಇಪ್ಪತ್ತು ದೀಪಗಳೂ ಒಟ್ಟಿಗೆ ಹೀಗೆ ಬಾಯಿ ತೆರೆದರೆ ಪಾಪದ ರಿಲೇ ಏನು ಮಾಡೀತು?

ಇಂಥ ಕಡೆ ಕಾಂಟ್ಯಾಕ್ಟಿನ ಲೋಹವನ್ನೇ ನೋಡಿ ಆರಿಸಬೇಕಾಗುತ್ತದೆ. ಬೆಳ್ಳಿ-ನಿಕಲ್ ಮಿಶ್ರಲೋಹ ಸಾಧಾರಣ ಲೋಡುಗಳಿಗೆ ಸಾಕು. ಮೊದಲ ಏಟು ಜೋರಾಗಿರುವ ದೀಪ, ಮೋಟಾರು, ಪವರ್ ಸಪ್ಲೈಗಳಿಗೆ ಬೆಳ್ಳಿ-ತವರದ ಆಕ್ಸೈಡ್ ಬೇಕು. ಅದು ಸುಲಭವಾಗಿ ಬೆಸೆದುಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಈ ಕೆಲಸಕ್ಕೆ ಬೆಳ್ಳಿ-ಕ್ಯಾಡ್ಮಿಯಂ ಆಕ್ಸೈಡ್ ಹೆಸರುವಾಸಿಯಾಗಿತ್ತು, ಆದರೆ ಕ್ಯಾಡ್ಮಿಯಂ ವಿಷವಾದ್ದರಿಂದ ಹೊಸ ವಿನ್ಯಾಸಗಳಲ್ಲಿ ಅದನ್ನು ಬಿಡುತ್ತ ಬಂದಿದ್ದಾರೆ. ಇನ್ನೂ ಹೆಚ್ಚಿನ ಏಟಿಗೆ, ಮೊದಲು ಟಂಗ್‌ಸ್ಟನ್ ತುದಿ ತಾಕಿ ಕಿಡಿಯನ್ನೆಲ್ಲ ತಾನು ನುಂಗಿಕೊಂಡ ಮೇಲೆ ಬೆಳ್ಳಿ ಬಂದು ಕೂರುವಂಥ ಜೋಡಿ ಕಾಂಟ್ಯಾಕ್ಟಿನ ರಿಲೇಗಳಿವೆ. ಡೇಟಾಶೀಟಿನಲ್ಲಿ ಟಿವಿ-5, ಟಿವಿ-8 ಎಂಬ ಅಂಕಿ ಕಂಡರೆ ಅದು ಟೆಲಿವಿಷನ್ನಿಗೆ ಮಾತ್ರ ಎಂದುಕೊಂಡು ದಾಟಿ ಹೋಗಬಾರದು. ಟಿವಿ-8 ಎಂದರೆ 8 ಆಂಪಿಯರ್ ನಿರಂತರ ಕರೆಂಟಿನ ಜೊತೆಗೆ 117 ಆಂಪಿಯರಿನ ಮೊದಲ ಏಟನ್ನು ತಾಳಿಕೊಂಡು ಪರೀಕ್ಷೆ ದಾಟಿದೆ ಎಂದರ್ಥ. ಆ ಸಭಾಂಗಣದ ಬೋರ್ಡಿಗೆ ನಾನು ಹಾಕಿದ್ದು ಅಂಥದ್ದೇ ರಿಲೇ.

ಡಿ.ಸಿ. ವಿಷಯದಲ್ಲಿ ಬೆನ್ನ ಮೇಲಿನ ಅಂಕಿ ಇನ್ನಷ್ಟು ದಾರಿ ತಪ್ಪಿಸುತ್ತದೆ. 50 ಹರ್ಟ್ಸಿನ ಎ.ಸಿ. ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಾಂಟ್ಯಾಕ್ಟು ಬಿಡುವಾಗ ಹೊತ್ತಿಕೊಂಡ ಆರ್ಕ್ (ಅಂತರದಲ್ಲಿ ಉರಿಯುವ ವಿದ್ಯುತ್ ಕಿಡಿ) ತಾನಾಗಿಯೇ ಆರುತ್ತದೆ. ಡಿ.ಸಿ.ಗೆ ಸೊನ್ನೆ ಎಂಬುದೇ ಇಲ್ಲವಾದ್ದರಿಂದ, ಅಂತರ ಸಾಲದಿದ್ದರೆ ಆರ್ಕ್ ಉರಿಯುತ್ತಲೇ ಇದ್ದು ಲೋಹವನ್ನು ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಗುಡ್ಡೆ ಹಾಕುತ್ತದೆ. 250 ವೋಲ್ಟ್ ಎ.ಸಿ.ಯಲ್ಲಿ 10 ಆಂಪಿಯರ್ ಕಡಿಯುವ ರಿಲೇ 30 ವೋಲ್ಟ್ ಡಿ.ಸಿ.ಯಲ್ಲೂ 10 ಆಂಪಿಯರ್ ಕಡಿದೀತು, ಆದರೆ 110 ವೋಲ್ಟ್ ಡಿ.ಸಿ.ಯಲ್ಲಿ ಅರ್ಧ ಆಂಪಿಯರಿಗೇ ಸುಸ್ತಾಗುತ್ತದೆ. ಸೌರ ಫಲಕಗಳನ್ನೂ ಬ್ಯಾಟರಿ ಸಾಲುಗಳನ್ನೂ ಕಡಿಯಲು ಹೊರಟವರು ಡೇಟಾಶೀಟಿನ ಡಿ.ಸಿ. ರೇಖೆಯನ್ನು ನೋಡದೆ ಒಂದು ಹೆಜ್ಜೆಯನ್ನೂ ಇಡಬಾರದು.

ದೊಡ್ಡ ರಿಲೇ ಎಲ್ಲಕ್ಕೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಹತ್ತು ಆಂಪಿಯರಿನ ಬೆಳ್ಳಿ ಕಾಂಟ್ಯಾಕ್ಟಿನಲ್ಲಿ ಸೆನ್ಸರಿನ ಸಿಗ್ನಲ್ಲನ್ನೋ ಆಡಿಯೋವನ್ನೋ ಹಾಯಿಸಿದರೆ ಮೊದಲ ದಿನಗಳಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಬರಬರುತ್ತ ಬೆಳ್ಳಿಯ ಮೇಲೆ ತೆಳುವಾದ ಕಪ್ಪು ಪೊರೆ ಕಟ್ಟುತ್ತದೆ, ಅದನ್ನು ಸುಟ್ಟು ಒಳಹೋಗುವಷ್ಟು ಶಕ್ತಿ ಸಣ್ಣ ಸಿಗ್ನಲ್ಲಿಗೆ ಇರುವುದಿಲ್ಲ. ಡೇಟಾಶೀಟಿನಲ್ಲಿ ಕನಿಷ್ಠ ಲೋಡ್ ಎಂಬ ಸಾಲನ್ನು ಕೊಡುವುದು ಇದಕ್ಕೇ. ದೊಡ್ಡ ರಿಲೇಗಳಲ್ಲಿ ಅದು 5 ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಆಗಿರಬಹುದು. ಚಿನ್ನದ ಲೇಪವಿರುವ ಸಿಗ್ನಲ್ ರಿಲೇಗಳಲ್ಲಿ 10 ಮಿಲಿವೋಲ್ಟಿಗೆ 10 ಮೈಕ್ರೋಆಂಪಿಯರಿನಷ್ಟು ಕೆಳಗಿಳಿಯುತ್ತದೆ. ಆದರೆ ಚಿನ್ನದ ಲೇಪದ ರಿಲೇಯಲ್ಲಿ ಒಮ್ಮೆ ದೊಡ್ಡ ಲೋಡು ಕಡಿದಿರೋ, ಆ ಚಿನ್ನ ಸುಟ್ಟುಹೋಗುತ್ತದೆ, ಆಮೇಲೆ ಅದನ್ನು ಸಿಗ್ನಲ್ಲಿಗೆ ಬಳಸುವಂತಿಲ್ಲ.

ಇನ್ನು ಕಾಯಿಲ್. ಹವ್ಯಾಸಿಗಳೂ, ಸಂಕೋಚವಿಲ್ಲದೆ ಹೇಳುವುದಾದರೆ ನನ್ನಂಥ ವೃತ್ತಿಯವರೂ, ಹೆಚ್ಚು ಎಡವುವುದು ಇಲ್ಲಿಯೇ. ನಾನೇ ವಿನ್ಯಾಸ ಮಾಡಿದ ಒಂದು ಬೋರ್ಡಿನ ಕಥೆ ಹೇಳುತ್ತೇನೆ. 5 ವೋಲ್ಟಿನ ಕಾಯಿಲ್, 70 ಓಮ್ ರೋಧ, ಅದನ್ನು ನಡೆಸಲು ಎಲ್ಲರೂ ಹಾಕುವ ಯುಎಲ್‌ಎನ್ 2003 ಚಿಪ್ಪು. ಮೇಜಿನ ಮೇಲೆ ಒಂದು ವಾರ ಓಡಿಸಿದೆ, ಒಂದು ಸಲವೂ ತಪ್ಪಲಿಲ್ಲ. ಪೆಟ್ಟಿಗೆಯೊಳಗೆ ಹಾಕಿ ಗೋಡೆಗೆ ಬಿಗಿದ ಮೇಲೆ ದೂರು ಬಂತು: ಬೆಳಿಗ್ಗೆ ಸರಿಯಾಗಿರುತ್ತದೆ, ಮಧ್ಯಾಹ್ನ ರಿಲೇ ಎತ್ತುವುದಿಲ್ಲ, ಅಂದರೆ ಕಾಂಟ್ಯಾಕ್ಟನ್ನು ಎಳೆದು ಮುಚ್ಚುವುದಿಲ್ಲ. ಹೋಗಿ ಪೆಟ್ಟಿಗೆ ತೆರೆದು ಮೀಟರಿನ ಕಡ್ಡಿ ಇಡುವಷ್ಟರಲ್ಲಿ ಟಕ್ ಎಂದು ಎತ್ತಿಕೊಂಡಿತು. ಮುಚ್ಚಿ ಬಂದರೆ ಮರುದಿನ ಮತ್ತೆ ಅದೇ ದೂರು. ಮೂರು ಸಲ ಹೋಗಿ ಬಂದ ಮೇಲೆ ನನಗೆ ಹೊಳೆಯಿತು, ನಾನು ಮುಚ್ಚಳ ತೆಗೆಯುವುದೇ ಅದರ ರಿಪೇರಿಯಾಗುತ್ತಿತ್ತು, ಒಳಗಿನ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು!

ಲೆಕ್ಕ ಹೀಗಿದೆ. 5 ವೋಲ್ಟಿನ ರಿಲೇ ಖಚಿತವಾಗಿ ಎತ್ತಿಕೊಳ್ಳಲು ಅದರ ಶೇ. 75 ಬೇಕು, ಅಂದರೆ 3.75 ವೋಲ್ಟ್. ಆದರೆ ಈ ಮಾತು 20 ಡಿಗ್ರಿ ಸೆಲ್ಸಿಯಸ್‌ಗೆ ಅನ್ವಯಿಸುವಂಥದ್ದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಕಾಂಟ್ಯಾಕ್ಟನ್ನು ಸರಿಸುವ ಕಬ್ಬಿಣದ ತುಂಡಾದ ಆರ್ಮೇಚರನ್ನು ಎಳೆಯುವುದು ವೋಲ್ಟೇಜ್ ಅಲ್ಲ, ಕಾಯಿಲಿನಲ್ಲಿ ಹರಿಯುವ ಕರೆಂಟ್. ರೋಧ ಏರಿದಷ್ಟೂ ಅದೇ ಕರೆಂಟಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಪೆಟ್ಟಿಗೆಯೊಳಗೆ 55 ಡಿಗ್ರಿ ಆದಾಗ 3.75 ವೋಲ್ಟ್ ಇದ್ದದ್ದು ಸುಮಾರು 4.26 ವೋಲ್ಟ್ ಆಗುತ್ತದೆ. ಇತ್ತ ಪವರ್ ಸಪ್ಲೈಯಿಂದ ಬರುತ್ತಿದ್ದದ್ದು 4.9 ವೋಲ್ಟ್, ಡ್ರೈವರ್ ಚಿಪ್ಪು ತಾನು ನುಂಗುತ್ತಿದ್ದದ್ದು ಸುಮಾರು 0.9 ವೋಲ್ಟ್, ಕಾಯಿಲಿಗೆ ಉಳಿದದ್ದು 4 ವೋಲ್ಟ್. ತಂಪಿನಲ್ಲಿ ಎತ್ತಲು ಸಾಕು, ಬಿಸಿಯಲ್ಲಿ ಸಾಲದು. ಇದರ ಮೇಲೆ, ಬಹಳ ಹೊತ್ತು ಎತ್ತಿಕೊಂಡಿದ್ದ ರಿಲೇ ತನ್ನದೇ ಶಾಖದಿಂದ ಇನ್ನೂ ಹತ್ತಾರು ಡಿಗ್ರಿ ಬಿಸಿಯಾಗಿರುವುದರಿಂದ, ಒಮ್ಮೆ ಬಿಟ್ಟು ತಕ್ಷಣ ಮತ್ತೆ ಎತ್ತಬೇಕಾದಾಗ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ.

ಪರಿಹಾರ ಸುಲಭವಾಗಿತ್ತು. ಆ ಚಿಪ್ಪಿನ ಜಾಗದಲ್ಲಿ, ಕೆಲವೇ ಮಿಲಿವೋಲ್ಟ್ ನುಂಗುವ ಸಣ್ಣ ಟ್ರಾನ್ಸಿಸ್ಟರಾದ ಮಾಸ್‌ಫೆಟ್ ಹಾಕಿದೆ, ದೂರು ನಿಂತಿತು. ಇಂದು ಹೊಸದಾಗಿ ಮಾಡುವುದಾದರೆ, 12 ವೋಲ್ಟ್ ಸಿಗುವ ಕಡೆ 12 ವೋಲ್ಟಿನ ಕಾಯಿಲನ್ನೇ ಆರಿಸುತ್ತೇನೆ. ಅದೇ ಗಾತ್ರದ ರಿಲೇಯಲ್ಲಿ 12 ವೋಲ್ಟಿನ ಕಾಯಿಲಿಗೆ 400 ಓಮ್ ರೋಧ, 30 ಮಿಲಿಆಂಪಿಯರ್ ಕರೆಂಟ್; ತಿನ್ನುವ ವಿದ್ಯುತ್ತು ಎರಡರಲ್ಲೂ 0.36 ವಾಟೇ. ಆದರೆ 0.9 ವೋಲ್ಟಿನ ನಷ್ಟ 5 ವೋಲ್ಟಿನಲ್ಲಿ ಶೇ. 18 ಆದರೆ 12 ವೋಲ್ಟಿನಲ್ಲಿ ಶೇ. 8ಕ್ಕೂ ಕಡಿಮೆ. ಮೈಕ್ರೋಕಂಟ್ರೋಲರಿನ ಪಿನ್ನಿಗೇ ನೇರವಾಗಿ ಕಾಯಿಲ್ ಕಟ್ಟುವ ಚಿತ್ರಗಳನ್ನೂ ಅಲ್ಲಲ್ಲಿ ನೋಡುತ್ತಿರುತ್ತೇನೆ. ಅಂಥವನ್ನು ಯಾರೂ ಅನುಸರಿಸದಿರಲಿ. 70 ಮಿಲಿಆಂಪಿಯರ್ ಕೊಡುವುದು ಆ ಪಿನ್ನಿನ ಕೆಲಸವಲ್ಲ.

ಕಾಯಿಲಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಬೇಕೆಂದು ಲೇಖಕರು ಹೇಳಿದ್ದು ಸರಿಯಾಗಿಯೇ ಇದೆ. ಅದಿಲ್ಲದಿದ್ದರೆ ಕಾಯಿಲ್ ಆರಿಸಿದಾಗ ಏಳುವ ನೂರಾರು ವೋಲ್ಟಿನ ಒದೆತಕ್ಕೆ ಟ್ರಾನ್ಸಿಸ್ಟರ್ ಸಾಯುತ್ತದೆ. ಆದರೆ ಬರೀ ಡಯೋಡ್ ಹಾಕಿದಾಗ ಕಾಯಿಲಿನ ಕರೆಂಟ್ ಅದರಲ್ಲೇ ಸುತ್ತುತ್ತ ನಿಧಾನವಾಗಿ ಇಳಿಯುವುದರಿಂದ ಕಾಂಟ್ಯಾಕ್ಟುಗಳೂ ತಡವಾಗಿ, ಮೆಲ್ಲಗೆ ಬಿಟ್ಟುಕೊಳ್ಳುತ್ತವೆ. ಮೆಲ್ಲಗೆ ಬಿಟ್ಟಷ್ಟೂ ಆರ್ಕ್ ಹೆಚ್ಚು ಹೊತ್ತು ಉರಿಯುತ್ತದೆ. ಮೋಟಾರಿನಂಥ ಲೋಡು ಇದ್ದಾಗ ಡಯೋಡಿನ ಜೊತೆಗೆ ಸರಣಿಯಲ್ಲಿ ನಿಗದಿತ ವೋಲ್ಟೇಜ್ ದಾಟಿದಾಗ ಮಾತ್ರ ಹಿಮ್ಮುಖವಾಗಿ ಕರೆಂಟ್ ಬಿಡುವ ಒಂದು ಝೀನರ್ ಡಯೋಡನ್ನೂ ಹಾಕಿದರೆ ಕಾಯಿಲ್ ಬೇಗ ಖಾಲಿಯಾಗಿ ಕಾಂಟ್ಯಾಕ್ಟು ಚುರುಕಾಗಿ ಬಿಡುತ್ತದೆ. ಝೀನರಿನ ವೋಲ್ಟೇಜೂ ಸಪ್ಲೈಯ ವೋಲ್ಟೇಜೂ ಕೂಡಿ ಟ್ರಾನ್ಸಿಸ್ಟರ್ ತಾಳುವ ಮಿತಿಯೊಳಗೆ ಇರಬೇಕೆಂಬುದನ್ನು ಮರೆಯಬಾರದು.

ರಿಲೇಯನ್ನು ಬೋರ್ಡಿನ ಮೇಲೆ ಕೂರಿಸಿದ ಕ್ಷಣದಿಂದ ಬೋರ್ಡೂ ರಿಲೇಯ ಒಂದು ಭಾಗವೇ ಆಗಿಬಿಡುತ್ತದೆ. ಈ ಮಾತನ್ನು ಲೇಖನದಲ್ಲಿ ಎಲ್ಲೂ ಕಾಣದೇ ಹೋದದ್ದು ನನಗೆ ಅತಿ ದೊಡ್ಡ ಕೊರತೆ ಎನಿಸಿತು. ಸಕ್ಕರೆ ಅಚ್ಚಿನಂತಿರುವ, ಐದು ಕಾಲಿನ ಆ ಪ್ರಸಿದ್ಧ ರಿಲೇಯನ್ನು ತಿರುಗಿಸಿ ನೋಡಿ. ಒಂದು ತುದಿಯಲ್ಲಿ ಎರಡು ಕಾಲು, ಇನ್ನೊಂದು ತುದಿಯಲ್ಲಿ ಮೂರು. ಆ ಮೂರರಲ್ಲಿ ಅಕ್ಕಪಕ್ಕದ ಎರಡು ಕಾಯಿಲಿನವು, ನಡುವಿನದು ಕಾಮನ್, ಅಂದರೆ 230 ವೋಲ್ಟ್ ಹರಿಯುವ ಕಾಲು. ಬೆರಳಿಂದ ಮುಟ್ಟುವ ಗುಂಡಿಗಳಿರುವ ಕಡೆಯ ಸರ್ಕಿಟ್ಟೂ ಗೋಡೆಯ ಪ್ಲಗ್ಗಿನ ವಿದ್ಯುತ್ತೂ ಇಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಕಾಲಿನ ನಡುವಿಂದ ಕಾಲಿನ ನಡುವಿಗೆ ಸುಮಾರು 6.3 ಮಿ.ಮೀ.; ಬೆಸುಗೆಗೆ 3 ಮಿ.ಮೀ. ಅಗಲದ ತಾಮ್ರದ ಬಳೆ ಇಟ್ಟರೆ ಉಳಿಯುವುದು ಸುಮಾರು 3.3 ಮಿ.ಮೀ. ಮುಟ್ಟುವ ಕಡೆಯನ್ನೂ ಗೋಡೆಯ ಪ್ಲಗ್ಗಿನ ಮೇನ್ಸನ್ನೂ ಬೇರ್ಪಡಿಸಲು ಅನುಭವಿಗಳು ಬೋರ್ಡಿನ ಮೇಲೆ 6ರಿಂದ 8 ಮಿ.ಮೀ. ಅಂತರ ಬಿಡುತ್ತಾರೆ. ಕಾಲುಗಳ ನಡುವೆ ಬೋರ್ಡನ್ನು ಸೀಳಿ ಸಂದು ಮಾಡಿದರೆ ಬೋರ್ಡಿನ ಮೇಲ್ಮೈಯಲ್ಲಿ ವಿದ್ಯುತ್ತು ಹರಿದಾಡುವ ದಾರಿ ಉದ್ದವಾಗುತ್ತದೆ ನಿಜ. ಆದರೆ ರಿಲೇಯ ಹೊಟ್ಟೆಯೊಳಗಿನ ಅಂತರ ಎಷ್ಟಿತ್ತೋ ಅಷ್ಟೇ ಇರುತ್ತದೆ. ಅದನ್ನು ಯಾವ ಗರಗಸವೂ ಹೆಚ್ಚಿಸಲಾರದು.

ಇದಕ್ಕೆ ಉತ್ತರವಾಗಿಯೇ ಕಾಯಿಲಿನ ಕಾಲುಗಳು ಒಂದು ತುದಿಗೂ ಕಾಂಟ್ಯಾಕ್ಟಿನ ಕಾಲುಗಳು ಇನ್ನೊಂದು ತುದಿಗೂ ಇರುವ ಚಪ್ಪಟೆ ರಿಲೇಗಳು ಬಂದಿವೆ. 29 ಮಿ.ಮೀ. ಉದ್ದ, 12.7 ಮಿ.ಮೀ. ಅಗಲ, 15.7 ಮಿ.ಮೀ. ಎತ್ತರದ ಆ ಮಾದರಿಯನ್ನು ಹಲವು ತಯಾರಕರು ಒಂದೇ ಅಳತೆಯಲ್ಲಿ ಮಾಡುವುದರಿಂದ, ಒಬ್ಬರದು ಸಿಗದಿದ್ದರೆ ಮತ್ತೊಬ್ಬರದನ್ನು ಹಾಕುವ ಅನುಕೂಲವೂ ಇದೆ. ಅದರಲ್ಲಿ ಕಾಯಿಲಿಗೂ ಕಾಂಟ್ಯಾಕ್ಟಿಗೂ ನಡುವೆ 5000 ವೋಲ್ಟಿನ ಪರೀಕ್ಷೆ ನಡೆದಿರುತ್ತದೆ. ಮುಚ್ಚಿ ತೆರೆಯುವ ಎರಡು ಕಾಂಟ್ಯಾಕ್ಟುಗಳ ನಡುವಿನ ಪರೀಕ್ಷೆ ಮಾತ್ರ ಸಾಮಾನ್ಯವಾಗಿ 1000 ವೋಲ್ಟಿನದು, ಅಲ್ಲಿನ ಅಂತರ ಒಂದು ಮಿ.ಮೀ.ಗೂ ಕಡಿಮೆ ಇರುವುದುಂಟು. ರಿಲೇ ಆರಿದೆ ಎಂದ ಮಾತ್ರಕ್ಕೆ ಲೋಡಿನ ತಂತಿಯನ್ನು ಬರಿಗೈಯಲ್ಲಿ ಮುಟ್ಟಬಾರದು ಎನ್ನುವುದು ಇದಕ್ಕಾಗಿಯೇ.

ಇದೇ ಚಪ್ಪಟೆ ರಿಲೇಯ 16 ಆಂಪಿಯರಿನ ಮಾದರಿಯಲ್ಲಿ ಪ್ರತಿ ಕಾಂಟ್ಯಾಕ್ಟಿಗೂ ಎರಡೆರಡು ಕಾಲು ಇರುತ್ತವೆ. ಎರಡೂ ಒಂದೇ ಅಲ್ಲವೇ ಎಂದು ಒಂದಕ್ಕೆ ಮಾತ್ರ ತಾಮ್ರದ ದಾರಿ ಎಳೆದ ಬೋರ್ಡೊಂದು ನನ್ನ ಬಳಿ ಬಂದಿತ್ತು. ಆ ಒಂದು ಕಾಲಿನ ಬೆಸುಗೆ ಕಂದಿ ಉಂಗುರದಂತೆ ಬಿರುಕುಬಿಟ್ಟು, ಕೆಳಗಿನ ಬೋರ್ಡು ಹುರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಎರಡು ಕಾಲೂ ಹೊರೆ ಹಂಚಿಕೊಳ್ಳಬೇಕು, ದಾರಿಯೂ ಅಗಲವಿರಬೇಕು. 35 ಮೈಕ್ರಾನ್ ದಪ್ಪದ ಸಾಮಾನ್ಯ ತಾಮ್ರದಲ್ಲಿ, ಹೊರಮೈಯ ಮೇಲೆ 10 ಆಂಪಿಯರ್ ಹರಿದರೂ ಬಿಸಿ 10 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ, ಐಪಿಸಿ-2221 ಮಾನದಂಡದ ಲೆಕ್ಕದಂತೆ ಸುಮಾರು 7 ಮಿ.ಮೀ. ಅಗಲ ಬೇಕು. ಹವ್ಯಾಸಿಗಳ ಬೋರ್ಡುಗಳಲ್ಲಿ ನಾನು ನೋಡುವುದು ಬಹುಪಾಲು 2 ಮಿ.ಮೀ. ದಾರಿ. ರಿಲೇಯ ಕಾಂಟ್ಯಾಕ್ಟಿನ ರೋಧ ಬರೀ 10 ಮಿಲಿಓಮ್ ಇದ್ದರೂ 10 ಆಂಪಿಯರಿಗೆ ಅಲ್ಲೇ ಒಂದು ವಾಟ್ ಶಾಖ ಹುಟ್ಟುತ್ತದೆ, ಅದು ಕಾಲುಗಳ ಮೂಲಕ ತಾಮ್ರಕ್ಕೆ ಇಳಿದು ಹೋಗಬೇಕು. ತೆಳುವಾದ ದಾರಿ ಆ ಶಾಖವನ್ನು ಹೊರಗೆ ಸಾಗಿಸುವ ಬದಲು ತನ್ನದನ್ನೂ ಸೇರಿಸಿ ವಾಪಸು ಕಳಿಸುತ್ತದೆ.

ಕಾಲುಗಳ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಹಲವು ರಿಲೇಗಳ ಡೇಟಾಶೀಟಿನಲ್ಲಿ ನಕ್ಷೆಯನ್ನು ಕೆಳಗಿನಿಂದ ನೋಡಿದಂತೆ ಬರೆದಿರುತ್ತಾರೆ. ಮೇಲಿನಿಂದ ನೋಡಿದ್ದೆಂದು ತಿಳಿದು ಬೋರ್ಡ್ ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ. ಐದು ಕಾಲಿನ ಸಕ್ಕರೆ ಅಚ್ಚಿನಲ್ಲಿ ಇದು ಇನ್ನೂ ಅಪಾಯ, ಏಕೆಂದರೆ ಕಾಲುಗಳು ಸಮಪಾರ್ಶ್ವವಾಗಿರುವುದರಿಂದ ರಿಲೇ ತಪ್ಪು ನಕ್ಷೆಯಲ್ಲೂ ಚೆನ್ನಾಗಿಯೇ ಕೂರುತ್ತದೆ, ಬೆಸುಗೆಯೂ ಆಗುತ್ತದೆ, ಕಾಯಿಲೂ ಎತ್ತುತ್ತದೆ. ಆದರೆ ಎನ್‌ಓ ಇದ್ದ ಜಾಗದಲ್ಲಿ ಎನ್‌ಸಿ ಬಂದು ಕೂತಿರುತ್ತದೆ, ಅಂದರೆ ಕಾಯಿಲಿಗೆ ಕರೆಂಟಿಲ್ಲದಾಗ ತೆರೆದಿರುವ ಕಾಂಟ್ಯಾಕ್ಟಿನ ಜಾಗದಲ್ಲಿ ಆಗ ಮುಚ್ಚಿರುವ ಕಾಂಟ್ಯಾಕ್ಟು. ನನ್ನ ಮೊದಮೊದಲ ಬೋರ್ಡುಗಳಲ್ಲೊಂದು ಹೀಗೆಯೇ ತಯಾರಾಗಿ, ಆರಬೇಕೆಂದಾಗ ಹೊತ್ತಿಕೊಂಡು ಹೊತ್ತಬೇಕೆಂದಾಗ ಆರುತ್ತಿತ್ತು. ಪ್ರೋಗ್ರಾಮಿನಲ್ಲಿ ಒಂದನ್ನು ಸೊನ್ನೆಯೆಂದು ತಿರುಗಿಸಿ ಬಚಾವಾಗಬಹುದಿತ್ತು, ಆದರೆ ಕಂಟ್ರೋಲ್ ಬೋರ್ಡಿಗೆ ವಿದ್ಯುತ್ ಹೋದೊಡನೆ ಲೋಡು ಹೊತ್ತಿಕೊಳ್ಳುವ ಯಂತ್ರವನ್ನು ಯಾರಿಗೆ ತಾನೇ ಕೊಡುವುದು? ಎಲ್ಲವನ್ನೂ ಎಸೆದು ಹೊಸದಾಗಿ ಮಾಡಿದೆ. ಹೊಸ ರಿಲೇಗೆ ಬೋರ್ಡ್ ಬರೆಯುವ ಮುನ್ನ ನಕ್ಷೆಯನ್ನು ಕಾಗದದ ಮೇಲೆ ಅದೇ ಅಳತೆಗೆ ಅಚ್ಚು ಹಾಕಿ, ರಿಲೇಯ ಕಾಲುಗಳನ್ನು ಅದರಲ್ಲಿ ಚುಚ್ಚಿ, ಮೀಟರಿನಿಂದ ಒಂದೊಂದನ್ನೂ ಪರೀಕ್ಷಿಸುವ ಅಭ್ಯಾಸ ಅಂದಿನಿಂದ ಬಂದದ್ದು.

ತಯಾರಿಕೆಯ ಹಂತದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ರಿಲೇಯ ಮುಚ್ಚಳ ಎಷ್ಟು ಭದ್ರವಾಗಿದೆ ಎಂಬುದನ್ನು ಐಇಸಿ 61810-1 ಮಾನದಂಡ ಆರ್‌ಟಿ 0ರಿಂದ ಆರ್‌ಟಿ 5ರವರೆಗೆ ವಿಂಗಡಿಸುತ್ತದೆ. ಆರ್‌ಟಿ 2 ದರ್ಜೆಯದು ಬೆಸುಗೆ ಹಿಡಿಯಲು ಬಳಸುವ ರಾಳದಂಥ ಫ್ಲಕ್ಸನ್ನು ತಡೆಯುತ್ತದೆ, ಆದರೆ ಬೋರ್ಡನ್ನು ದ್ರವದಲ್ಲಿ ಮುಳುಗಿಸಿ ತೊಳೆದರೆ ಒಳಗೆ ನುಗ್ಗುವುದನ್ನು ತಡೆಯುವುದಿಲ್ಲ. ತೊಳೆಯುವುದಾದರೆ ಆರ್‌ಟಿ 3 ಬೇಕು. ಆರ್‌ಟಿ 3ರ ಕೆಲವು ರಿಲೇಗಳ ಮೇಲೆ ಸಣ್ಣದೊಂದು ಮೊಳೆಯಂಥ ಗುಬುಟು ಇರುತ್ತದೆ, ತೊಳೆದಾದ ಮೇಲೆ ಅದನ್ನು ಕತ್ತರಿಸಿ ರಂಧ್ರ ತೆರೆಯಬೇಕೆಂದು ತಯಾರಕರು ಹೇಳಿರುತ್ತಾರೆ. ತೆರೆಯದಿದ್ದರೆ ಆರ್ಕ್‌ನಿಂದ ಹುಟ್ಟುವ ಅನಿಲಗಳು ಒಳಗೇ ಉಳಿದು ಲೋಹವನ್ನು ತಿನ್ನುತ್ತವೆ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಂತೂ ರಿಲೇ ಇರುವ ಬೋರ್ಡನ್ನು ಇಳಿಸಲೇಬಾರದು; ಕೂದಲೆಳೆಯ ಕಾಯಿಲ್ ತಂತಿ ತುಂಡಾಗಬಹುದು. ಪಕ್ಕದಲ್ಲಿ ಸಿಲಿಕೋನ್ ಅಂಟು ಬಳಸಿದರೆ ಅದರ ಆವಿ ಕಿಡಿಯಲ್ಲಿ ಸುಟ್ಟು ಮರಳಿನಂಥ ಪುಡಿಯಾಗಿ ಕಾಂಟ್ಯಾಕ್ಟಿನ ಮೇಲೆ ಕೂರುತ್ತದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕಯಂತ್ರದ ರಿಲೇಯೊಂದರಲ್ಲಿ ಪತಂಗ ಸಿಕ್ಕಿಕೊಂಡು ಕೆಲಸ ಕೆಟ್ಟಿತ್ತು, ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಅವರ ರಿಲೇ ಬಯಲಿನಲ್ಲಿತ್ತು. ಇಂದು ಪತಂಗ ಒಳಗೆ ಹೋಗದು, ಅಂಟಿನ ಆವಿ ಹೋಗುತ್ತದೆ.

ಬಾಳಿಕೆಯ ಲೆಕ್ಕವನ್ನು ಕೊನೆಗಾದರೂ ಹಾಕಿ ನೋಡಬೇಕು. ಲೋಡಿಲ್ಲದೆ ಬರೀ ಟಕಟಕ ಎನ್ನಲು ರಿಲೇಗೆ ಒಂದು ಕೋಟಿ ಸಲದ ಆಯುಸ್ಸಿದ್ದರೂ, ಪೂರ್ಣ ಲೋಡಿನಲ್ಲಿ ಸಾಮಾನ್ಯವಾಗಿ ಹೇಳುವುದು ಒಂದು ಲಕ್ಷ ಸಲ. ದಿನಕ್ಕೆ ಹತ್ತು ಸಲ ಪಂಪು ಓಡಿಸುವವರಿಗೆ ಅದು ಇಪ್ಪತ್ತೇಳು ವರ್ಷ. ಅದೇ ರಿಲೇಯನ್ನು ನಿಮಿಷಕ್ಕೊಮ್ಮೆ ಹೀಟರ್ ಹಚ್ಚಿ ಆರಿಸುವ ಉಷ್ಣತಾ ನಿಯಂತ್ರಕಕ್ಕೆ ಹಾಕಿದರೆ ಎಪ್ಪತ್ತು ದಿನದೊಳಗೆ ಲಕ್ಷ ಮುಗಿಯುತ್ತದೆ. ಇಂಥ ಕಡೆ, ಚಲಿಸುವ ಕಾಂಟ್ಯಾಕ್ಟೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಸೂಕ್ತ, ಆದರೆ ಅದಕ್ಕೂ ಅದರದೇ ಚಾಳಿಗಳಿವೆ: ಪ್ರತಿ ಆಂಪಿಯರಿಗೆ ಸುಮಾರು ಒಂದು ವಾಟಿಗೂ ಮೇಲೆ ಶಾಖ, ಆರಿಸಿದಾಗಲೂ ತುಸು ಸೋರಿಕೆ. ಬ್ಯಾಟರಿಯಿಂದ ನಡೆಯುವ ಬೋರ್ಡಿಗೆ ಲ್ಯಾಚಿಂಗ್ ರಿಲೇ ಒಳ್ಳೆಯದು, ಒಮ್ಮೆ ತಳ್ಳಿದರೆ ಕರೆಂಟಿಲ್ಲದೆ ಅಲ್ಲೇ ನಿಲ್ಲುತ್ತದೆ. ಸಾಗಾಣಿಕೆಯ ಕುಲುಕಾಟದಲ್ಲಿ ಅದು ಯಾವ ಕಡೆಗೆ ಬಿದ್ದಿದೆಯೋ ಗೊತ್ತಿರುವುದಿಲ್ಲವಾದ್ದರಿಂದ ಬೋರ್ಡು ಎಚ್ಚೆತ್ತ ಕೂಡಲೇ ಬೇಕಾದ ಕಡೆಗೆ ತಳ್ಳಿ ಶುರು ಮಾಡಬೇಕು. ಕಾಂಟ್ಯಾಕ್ಟಿಗೆ ಅಡ್ಡಲಾಗಿ ಕಿಡಿ ತಣಿಸುವ ಕೆಪಾಸಿಟರ್ ಹಾಕುವವರೂ ಒಂದನ್ನು ಗಮನಿಸಲಿ: 0.1 ಮೈಕ್ರೋಫ್ಯಾರಡ್ ಹಾಕಿದರೆ 230 ವೋಲ್ಟ್, 50 ಹರ್ಟ್ಸಿನಲ್ಲಿ 7 ಮಿಲಿಆಂಪಿಯರ್ ಸದಾ ಸೋರುತ್ತಿರುತ್ತದೆ, ಆರಿಸಿದ ಎಲ್‌ಇಡಿ ದೀಪ ಮಂಕಾಗಿ ಮಿಣುಕುತ್ತಲೇ ಇರಲು ಅಷ್ಟು ಸಾಕು.

ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೇ. ಲೇಖನದ ಮುಂದಿನ ಕಂತಿನಲ್ಲಿ ಹೀಟರಿನ ನಿಯಂತ್ರಣವನ್ನು ವಿವರಿಸುವುದಾಗಿ ಅವರು ಬರೆದಿದ್ದಾರೆ. ಪಂಪಿನ ರಿಲೇ ಬೆಸೆದುಕೊಂಡರೆ ತೊಟ್ಟಿ ತುಂಬಿ ನೀರು ಚೆಲ್ಲುತ್ತದೆ, ಬಂದವರು ಬೈದು ನೆಲ ಒರೆಸುತ್ತಾರೆ. ಹೀಟರಿನದು ಬೆಸೆದುಕೊಂಡರೆ, ಯಾರೂ ಇಲ್ಲದ ಹೊತ್ತಿನಲ್ಲಿ ಅದು ಕಾಯುತ್ತಲೇ ಹೋಗುತ್ತದೆ, ಮೈಕ್ರೋಕಂಟ್ರೋಲರ್ ಎಷ್ಟು ಸಲ ಆರಿಸು ಎಂದರೂ ಕೇಳುವುದಿಲ್ಲ. ಆದ್ದರಿಂದ ರಿಲೇಯನ್ನೇ ನೆಚ್ಚಿಕೊಳ್ಳದೆ, ಅದರ ಜೊತೆ ಸರಣಿಯಲ್ಲಿ ಬಿಸಿ ಮಿತಿಮೀರಿದರೆ ತಾನೇ ಕಡಿಯುವ ಥರ್ಮಲ್ ಕಟ್‌ಔಟ್ ಹಾಕುವಂತೆ ಆ ಕಂತಿನ ಮೊದಲ ಚಿತ್ರದಲ್ಲೇ ತೋರಿಸಬೇಕು. ಮತ್ತು ಪಂಪಿನ ಲೇಖನ ಓದಿ ಈಗಾಗಲೇ ಬೋರ್ಡ್ ಮಾಡಿಕೊಂಡಿರುವ ಓದುಗರಿಗಾಗಿ, ರಿಲೇಯ ಡೇಟಾಶೀಟಿನಲ್ಲಿ ಮೋಟಾರಿನ ಸಾಲನ್ನು ಹುಡುಕಿ ನೋಡಬೇಕೆಂಬ ಒಂದು ತಿದ್ದುಪಡಿಯನ್ನು ತಾವು ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸರ್ಕಿಟ್ ಬೋರ್ಡ್ ವಿನ್ಯಾಸದಲ್ಲಿ ತೊಡಗಿರುವ ಒಬ್ಬ ಓದುಗ